ಉಮೇದುವಾರನ ಎರಡನೆಯ ಪತ್ರ

ನಮ್ಮ ಮನೆಯ ಜಗುಲಿಗೆ ಹಳೆಯ ವಿದ್ಯಾರ್ಥಿಗಳು ಆಗಾಗ ಬಂದು ಕುಳಿತುಕೊಳ್ಳುವುದುಂಟು. ಈಚೆಗೆ ಒಬ್ಬ ಹುಡುಗ ಬಂದಿದ್ದ. ಪದವಿ ಮುಗಿಸಿಕೊಂಡು ಒಂದು ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ಹೋಗಿಬಂದು ಮೂರು ವಾರ ಕಳೆದಿತ್ತು. “ತಿಳಿಸುತ್ತೇವೆ, ಹೋಗಿ ಬನ್ನಿ” ಎಂದು ಹೇಳಿ ಕಳುಹಿಸಿದವರು ಏನನ್ನೂ ತಿಳಿಸಿರಲಿಲ್ಲ. ಹುಡುಗ ಬಹಳ ಹೊತ್ತು ಅದೂ ಇದೂ ಮಾತನಾಡಿ, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳಿದ: “ಮೇಷ್ಟ್ರೇ, ಇನ್ನೊಂದು ಸಲ ಬರೆದು ಕೇಳಿದರೆ ತಪ್ಪಾಗುತ್ತದೆಯೇ? ಅಪ್ಪ ‘ತಾಳಿದವನು ಬಾಳಿಯಾನು, ಸುಮ್ಮನಿರು’ ಅನ್ನುತ್ತಾರೆ. ಅಮ್ಮ ‘ಅತ್ತ ಮಗುವಿಗೇ ಹಾಲು, ಹೋಗಿ ಕೇಳು’ ಅನ್ನುತ್ತಾಳೆ. ಯಾರ ಮಾತು ಕೇಳಲಿ?”

ಗಾದೆ ವೇದಕ್ಕೆ ಸಮ ಎನ್ನುತ್ತೇವೆ. ಆದರೆ ಎರಡು ಗಾದೆಗಳು ಎದುರುಬದುರಾಗಿ ನಿಂತರೆ ಪಂಡಿತನಾದವನು ಏನು ಮಾಡಬೇಕು? ಹಿಂದೆ ಹೀಗೆ ಕಾದವರು ಏನು ಮಾಡಿದರು, ಅದರಿಂದ ಏನಾಯಿತು ಎಂದು ಚರಿತ್ರೆಯನ್ನು ಕೇಳುವುದೇ ಮೇಲೆಂದು ನನಗೆ ತೋರಿತು. ಆ ಹುಡುಗನಿಗೆ ಹೇಳಿದ ಸಂಗತಿಗಳನ್ನೇ ಇಲ್ಲಿಯೂ ಹೇಳಬಯಸುತ್ತೇನೆ. ಮನೆಮನೆಯಲ್ಲೂ ಇಂದೋ ನಾಳೆಯೋ ಹೀಗೆ ಕಾಯುವವನೊಬ್ಬ ಇದ್ದೇ ಇರುತ್ತಾನಲ್ಲವೇ?

ಮೊದಲು ನಮ್ಮ ನುಡಿಯಲ್ಲಿಯೇ ಅಡಗಿರುವ ಚರಿತ್ರೆಯನ್ನು ನೋಡೋಣ. ದೊಡ್ಡವರ ಮುಂದೆ ಅರಿಕೆ ಮಾಡಿಕೊಳ್ಳುವುದಕ್ಕೆ ಹಿಂದಿನವರು ಬಿನ್ನಪ, ಬಿನ್ನಹ ಎಂದರು. ಇದು ಸಂಸ್ಕೃತದ ‘ವಿಜ್ಞಾಪನ’ ಎಂಬ ಶಬ್ದದ ತದ್ಭವ. ತಿಳಿಯಪಡಿಸುವುದು ಎಂದು ಅದರ ಅರ್ಥ. ಮುಂದೆ ಪಾರಸಿಯು ಕಚೇರಿಯ ಭಾಷೆಯಾಗಿದ್ದ ಕಾಲದಲ್ಲಿ ‘ಅರ್ಜಿ’ ಎಂಬ ಮಾತು ಬಂದಿತು. ಅದರ ಅರ್ಥವೂ ಎದುರಿಗಿಡುವುದು, ನಿವೇದಿಸುವುದು ಎಂದೇ. ಅದರೊಡನೆಯೇ ‘ಉಮೇದುವಾರ’ನೂ ಬಂದ. ಉಮೇದು ಎಂದರೆ ಆಶೆ, ಭರವಸೆ, ಉಮೇದುವಾರನೆಂದರೆ ಭರವಸೆಯುಳ್ಳವನು. ಹಿಂದಿನ ಕಚೇರಿಗಳಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತ, ಎಂದಾದರೂ ಒಂದು ಜಾಗ ತೆರವಾದೀತೆಂದು ಕಾದಿರುತ್ತಿದ್ದ ತರುಣರಿಗೂ ಉಮೇದುವಾರರೆಂದೇ ಹೆಸರಿತ್ತು.

ಈ ಮೂರು ಮಾತುಗಳಲ್ಲಿ ಯಾವುದಕ್ಕೂ ‘ತಿರುಪೆ’ ಎಂಬ ಅರ್ಥವಿಲ್ಲವೆಂಬುದನ್ನು ಗಮನಿಸಬೇಕು. ಬಿನ್ನಪವೆಂದರೆ ತನ್ನ ಸಂಗತಿಯನ್ನು ಇನ್ನೊಬ್ಬರಿಗೆ ತಿಳಿಯಪಡಿಸುವುದು. ಮೊದಲನೆಯ ಪತ್ರ ಬಿನ್ನಪವಾದರೆ ಎರಡನೆಯದೂ ಬಿನ್ನಪವಾಗಿರಬಹುದು, ಅದರಲ್ಲಿ ತಿಳಿಯಪಡಿಸತಕ್ಕದ್ದು ಏನಾದರೂ ಇದ್ದ ಪಕ್ಷದಲ್ಲಿ. ಏನೂ ಇಲ್ಲದಿದ್ದರೆ ಮಾತ್ರ ಅದು ಕಾಟವಾಗುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮೂವರು ಉಮೇದುವಾರರ ಕಥೆಯನ್ನು ನೋಡೋಣ. ಒಬ್ಬನು ಲಂಡನ್ ನಗರದವನು, ಇನ್ನೊಬ್ಬನು ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ಓದಿದವನು, ಮೂರನೆಯವರು ನಮ್ಮ ನೆರೆನಾಡಾದ ತಮಿಳುನಾಡಿನವರು.

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಒಬ್ಬ ಕಮ್ಮಾರನ ಮಗನಾಗಿ. ಓದು ಬರಹ ಲೆಕ್ಕ ಇಷ್ಟನ್ನು ಕಲಿಯುವಷ್ಟರಲ್ಲಿ ಶಾಲೆ ಮುಗಿಯಿತು. 1805ರಲ್ಲಿ ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದನು. ಏಳು ವರ್ಷದ ಕರಾರು. ಬೇರೆ ಹುಡುಗರು ಪುಸ್ತಕದ ಹೊರಮೈಯನ್ನಷ್ಟೇ ನೋಡಿದರೆ ಈತನು ಒಳಗನ್ನೂ ಓದಿದನು. ವಿದ್ಯುತ್ತಿನ ವಿಷಯ ತಿಳಿದದ್ದು ರಟ್ಟಿಗೆ ಬಂದ ವಿಶ್ವಕೋಶದ ಒಂದು ಸಂಪುಟದಿಂದ. ರಸಾಯನಶಾಸ್ತ್ರದ ರುಚಿ ಹತ್ತಿದ್ದು ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ಸಂಭಾಷಣೆಯ ರೂಪದ ಪುಸ್ತಕದಿಂದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಚೀಟಿ ಕೊಟ್ಟರು. ಡೇವಿ ಆ ಕಾಲದ ರಸಾಯನಶಾಸ್ತ್ರಜ್ಞರಲ್ಲಿ ಅಗ್ರಗಣ್ಯರು. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿ, ಗುರುತು ಹಾಕಿಕೊಂಡು ಬಂದು, ಮನೆಯಲ್ಲಿ ಅವನ್ನು ವಿಸ್ತರಿಸಿ ಬರೆದು, ಉಪಕರಣಗಳ ಚಿತ್ರಗಳನ್ನು ತಾನೇ ತೆಗೆದು, ತಾನೇ ರಟ್ಟು ಕಟ್ಟಿ ದಪ್ಪನೆಯ ಒಂದು ಪುಸ್ತಕ ಮಾಡಿದನು.

ವಿಜ್ಞಾನದ ಸೇವೆಯಲ್ಲಿ ಎಷ್ಟೇ ಕೀಳು ಕೆಲಸವಾದರೂ ಸರಿ, ದೊರೆತರೆ ಸಾಕೆಂದು ಅವನ ಬಯಕೆ. ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಒಂದು ಪತ್ರ ಬರೆದನು. ಉತ್ತರ ಬರಲಿಲ್ಲ. ಹೋಗಿ ವಿಚಾರಿಸಿದಾಗ, ಉತ್ತರವೇನೂ ಇಲ್ಲವೆಂದು ಬಾಗಿಲು ಕಾಯುವವನ ಬಾಯಿಂದ ತಿಳಿಯಿತು. ಕೆಲಸವಿಲ್ಲವೆಂದಲ್ಲ, ಉತ್ತರವೇ ಇಲ್ಲ! ಇದನ್ನು ಮುಂದೆ ಫ್ಯಾರಡೆಯೇ ಹೇಳಿಕೊಂಡಿದ್ದಾನೆ. ಹೇಳುವಾಗ ಕಹಿಯಿಲ್ಲ, ಅದು ಸಹಜವೇ ಎಂಬ ನಗುವಿದೆ.

ಅಕ್ಟೋಬರಿನಲ್ಲಿ ಕರಾರಿನ ಅವಧಿ ಮುಗಿಯಿತು. ಬೇರೊಬ್ಬ ಯಜಮಾನನಲ್ಲಿ ರಟ್ಟಿನ ಕೆಲಸ ಸಿಕ್ಕಿತು, ಅವನೋ ಮುಂಗೋಪಿ. ಆ ವರ್ಷದ ಡಿಸೆಂಬರಿನಲ್ಲಿ ಫ್ಯಾರಡೆ ಡೇವಿಯವರಿಗೆ ಬರೆದನು. ಈ ಸಲ ಬರಿಯ ಕಾಗದವನ್ನು ಕಳುಹಿಸಲಿಲ್ಲ. ತಾನು ರಟ್ಟು ಕಟ್ಟಿದ್ದ ಆ ಉಪನ್ಯಾಸಗಳ ಪುಸ್ತಕವನ್ನೂ ಜೊತೆಗಿಟ್ಟನು. ಬ್ಯಾಂಕ್ಸ್ ಅವರಿಗೆ ಹೋದ ಪತ್ರದಲ್ಲಿ ಒಬ್ಬ ಬಡ ಹುಡುಗನ ಆಶೆ ಮಾತ್ರವಿದ್ದೀತು. ಡೇವಿಯವರಿಗೆ ಬಂದುದರಲ್ಲಿ ಆ ಹುಡುಗನ ಕಿವಿ, ಕಣ್ಣು, ಕೈ, ತಾಳ್ಮೆ ಎಲ್ಲವೂ ಇದ್ದುವು.

1812ರ ಡಿಸೆಂಬರ್ 24ರಂದು ಡೇವಿ ಉತ್ತರ ಬರೆದರು. ಪುಸ್ತಕ ಕಂಡು ಸಂತೋಷವಾಯಿತು, ತಾವು ಊರಿನಲ್ಲಿರುವುದಿಲ್ಲ, ಜನವರಿಯ ಕೊನೆಗೆ ಮರಳಿದ ಮೇಲೆ ಕಾಣಬಹುದು ಎಂದು. ಹೇಳಿದಂತೆ ಸಂದರ್ಶನವೂ ನಡೆಯಿತು. ಆದರೆ ಕೆಲಸ ಸಿಗಲಿಲ್ಲ! ಜಾಗ ತೆರವಿಲ್ಲ, ವಿಜ್ಞಾನವೆಂಬುದು ಕಠಿನಳಾದ ಒಡತಿ, ದುಡಿದವರಿಗೆ ತಕ್ಕ ಕೂಲಿ ಕೊಡುವವಳಲ್ಲ, ಕೈಯಲ್ಲಿರುವ ಕಸಬನ್ನು ಬಿಡಬೇಡ ಎಂದು ಬುದ್ಧಿ ಹೇಳಿದರು. ಸಂಸ್ಥೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕೊಡಿಸುವುದಾಗಿ ಮಾತು ಕೊಟ್ಟರು. ಫ್ಯಾರಡೆ ಮರಳಿ ತನ್ನ ಸೂಜಿ ದಾರಕ್ಕೆ ಬಂದನು.

ಕೆಲವು ವಾರಗಳ ಮೇಲೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಯೋಗಶಾಲೆಯ ಸಹಾಯಕನು ಉಪಕರಣ ಮಾಡುವವನೊಡನೆ ಹೊಡೆದಾಡಿ ಕೆಲಸ ಕಳೆದುಕೊಂಡನು. ಡೇವಿಯವರಿಗೆ ಆ ರಟ್ಟಿನ ಹುಡುಗನ ನೆನಪಾಯಿತು. ಒಂದು ರಾತ್ರಿ ಫ್ಯಾರಡೆ ಮಲಗಲು ಸಿದ್ಧನಾಗುತ್ತಿದ್ದಾಗ ಬಾಗಿಲು ಬಡಿದ ಸದ್ದು. ಬೀದಿಯಲ್ಲಿ ಡೇವಿಯವರ ಸಾರೋಟು. ಸೇವಕನ ಕೈಯಲ್ಲಿ ಒಂದು ಚೀಟಿ: ಬೆಳಗ್ಗೆ ಬಂದು ಕಾಣತಕ್ಕದ್ದು. 1813ರ ಮಾರ್ಚ್ 1ರಂದು ಆತನ ನೇಮಕವಾಯಿತು. ವಾರಕ್ಕೆ 25 ಷಿಲಿಂಗು, ಮಹಡಿಯ ಮೇಲೆ ಎರಡು ಕೋಣೆ, ಸೌದೆಗೆ ಬದಲು ಕಲ್ಲಿದ್ದಲು, ದೀಪಕ್ಕೆ ಮೇಣದ ಬತ್ತಿ. 1831ರಲ್ಲಿ ಕಾಂತದಿಂದ ವಿದ್ಯುತ್ತನ್ನು ಪಡೆಯುವ ವಿಧಾನವನ್ನು ಜಗತ್ತಿಗೆ ತೋರಿಸಿಕೊಟ್ಟವನು ಈತನೇ. ನಮ್ಮ ಶಿವನಸಮುದ್ರ, ಜೋಗಗಳಲ್ಲಿ ವಿದ್ಯುತ್ತು ಹುಟ್ಟುವುದೂ ಆ ತತ್ತ್ವದಿಂದಲೇ.

ಈ ಕಥೆಯ ಬಾಲದಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ. ಡೇವಿಯವರು ತೀರಿಕೊಂಡ 1829ನೆಯ ವರ್ಷದಲ್ಲಿ ಅವರ ಚರಿತ್ರೆ ಬರೆಯುತ್ತಿದ್ದವರೊಬ್ಬರು ಫ್ಯಾರಡೆಯನ್ನು ಹಳೆಯ ಸಂಗತಿ ಕೇಳಿದರು. ಆ ವೇಳೆಗೆ ಆತನು ಪ್ರಸಿದ್ಧನಾಗಿದ್ದನು. ಹದಿನೇಳು ವರ್ಷದ ಹಿಂದೆ ಡೇವಿ ಬರೆದಿದ್ದ ಆ ಪುಟ್ಟ ಉತ್ತರವನ್ನು ಹುಡುಕಿ ಕಳುಹಿಸಿ, ಇದನ್ನು ಜೋಪಾನವಾಗಿಟ್ಟು ಮರಳಿ ಕೊಡಬೇಕು, ಇದು ನನಗೆಷ್ಟು ಬೆಲೆಯುಳ್ಳದ್ದೆಂದು ನೀವೇ ಊಹಿಸಬಹುದು ಎಂಬ ಅರ್ಥದಲ್ಲಿ ಬರೆದನು. ಕೆಲಸ ಕೊಟ್ಟ ಪತ್ರವಲ್ಲ ಅದು. ‘ಬಂದು ಕಾಣು’ ಎಂದ ಪತ್ರ, ಅಷ್ಟೇ. ಉತ್ತರವೆಂಬುದರ ಬೆಲೆ ಎಷ್ಟೆಂಬುದನ್ನು ಅದಕ್ಕಾಗಿ ಕಾದವನೇ ಬಲ್ಲ.

ಎರಡನೆಯವನು ಆಲ್ಬರ್ಟ್ ಐನ್‌ಸ್ಟೈನ್. 1900ರಲ್ಲಿ ಜ್ಯೂರಿಕ್ ನಗರದ ಪಾಲಿಟೆಕ್ನಿಕ್ಕಿನಲ್ಲಿ ಓದು ಮುಗಿಸಿದನು. ಜೊತೆಯವರಿಗೆ ಅಲ್ಲಿಯೇ ಸಹಾಯಕ ಹುದ್ದೆಗಳು ದೊರೆತುವು, ಇವನಿಗೆ ಇಲ್ಲ. ಯೂರೋಪಿನ ಪ್ರಾಧ್ಯಾಪಕರಿಗೆಲ್ಲ ಪತ್ರ ಬರೆಯತೊಡಗಿದನು. 1901ರ ಮಾರ್ಚ್ 19ರಂದು ಲೈಪ್‌ಜಿಗ್ ನಗರದ ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್ ಅವರಿಗೆ ಬರೆದು, ಅಚ್ಚಾಗಿದ್ದ ತನ್ನ ಮೊದಲ ಲೇಖನವನ್ನು ಜೊತೆಗಿಟ್ಟನು. ಅದನ್ನು ಬರೆಯಲು ತಮ್ಮ ಗ್ರಂಥವೇ ಪ್ರೇರಣೆ, ತಮಗೆ ಗಣಿತ ಬಲ್ಲ ಭೌತವಿಜ್ಞಾನಿಯೊಬ್ಬನ ಅಗತ್ಯವಿದ್ದೀತೇ ಎಂದು ಕೇಳಿದನು. ಉತ್ತರವಿಲ್ಲ.

ಏಪ್ರಿಲ್ 3ರಂದು ಎರಡನೆಯ ಪತ್ರ ಹೋಯಿತು. ಈ ಪತ್ರದ ಜಾಣತನವನ್ನು ನೋಡಬೇಕು. ನೀವೇಕೆ ಉತ್ತರಿಸಲಿಲ್ಲ ಎಂದು ಕೇಳಲಿಲ್ಲ. ಹಿಂದಿನ ಪತ್ರದಲ್ಲಿ ನನ್ನ ವಿಳಾಸ ಬರೆದಿದ್ದೆನೋ ಇಲ್ಲವೋ ಸಂದೇಹ ಬಂದಿದೆ, ಆದಕಾರಣ ಬರೆಯುತ್ತಿದ್ದೇನೆಂದು ಮಿಲಾನ್ ನಗರದ ತನ್ನ ಮನೆಯ ವಿಳಾಸವನ್ನು ಕೊಟ್ಟನು. ತಪ್ಪನ್ನು ತನ್ನ ಮೇಲೆ ಹಾಕಿಕೊಂಡು, ದೊಡ್ಡವರಿಗೆ ಸಂಕೋಚವಾಗದಂತೆ ಒಂದು ಬಾಗಿಲನ್ನು ತೆರೆದಿಟ್ಟ ಬಗೆಯಿದು. ಆದರೂ ಉತ್ತರ ಬಂದ ಕುರುಹಿಲ್ಲ. ಏಪ್ರಿಲ್ 12ರಂದು ಹಾಲೆಂಡಿನ ಲೈಡನ್ ನಗರದ ಕಾಮರ್ಲಿಂಗ್ ಓನ್ಸ್ ಎಂಬ ಪ್ರಾಧ್ಯಾಪಕರಿಗೆ ಜೋಡಿ ಕಾರ್ಡೊಂದನ್ನು ಹಾಕಿದನು. ಒಂದು ಅರ್ಧದಲ್ಲಿ ತನ್ನ ಬಿನ್ನಪ. ಉತ್ತರಕ್ಕೆಂದು ಅಂಚೆಯ ಹಣ ತೆತ್ತ ಇನ್ನೊಂದು ಅರ್ಧ ಖಾಲಿ. ಆ ಖಾಲಿ ಅರ್ಧ ಖಾಲಿಯಾಗಿಯೇ ಉಳಿಯಿತು. ಆ ಕಾರ್ಡನ್ನು ಲೈಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಮರುದಿನ, ಎಂದರೆ ಏಪ್ರಿಲ್ 13ರಂದು, ಆಸ್ಟ್‌ವಾಲ್ಡ್ ಅವರಿಗೆ ಮತ್ತೊಂದು ಪತ್ರ ಹೊರಟಿತು. ಇದನ್ನು ಬರೆದವನು ಮಗನಲ್ಲ, ತಂದೆ ಹರ್ಮನ್ ಐನ್‌ಸ್ಟೈನ್. ಮಗನ ಹಿತಕ್ಕಾಗಿ ತಂದೆಯೊಬ್ಬನು ಧೈರ್ಯಮಾಡಿ ಬರೆದರೆ ಕ್ಷಮಿಸಬೇಕೆಂದು ಆರಂಭಿಸಿ, ಹುಡುಗನಿಗೆ 22 ವರ್ಷ, ಕೆಲಸವಿಲ್ಲದೆ ಬಹಳ ನೊಂದಿದ್ದಾನೆ, ಅನುಕೂಲಸ್ಥರಲ್ಲದ ನಮಗೆ ತಾನೊಂದು ಹೊರೆಯೆಂಬ ಚಿಂತೆ ಅವನನ್ನು ಕೊರೆಯುತ್ತಿದೆ ಎಂದು ತೋಡಿಕೊಂಡನು. ಕೇಳಿದ್ದೇನು? ಅವನ ಲೇಖನವನ್ನೊಮ್ಮೆ ಓದಿ ಉತ್ಸಾಹ ಬರುವಂತೆ ನಾಲ್ಕು ಮಾತು ಬರೆಯಬೇಕು. ಕೆಲಸವೂ ದೊರಕುವಂತಾದರೆ ಉಪಕಾರಕ್ಕೆ ಮಿತಿಯಿಲ್ಲ. ಹೀಗೆ ಬರೆದಿರುವುದು ಮಗನಿಗೆ ತಿಳಿಯದು ಎಂದೂ ಸೇರಿಸಿದನು.

ಈ ಪತ್ರದ ವಿಷಯವನ್ನು ಓದಿದಾಗಲೆಲ್ಲ ನನಗೆ ನಮ್ಮೂರುಗಳ ತಂದೆಯರೇ ಕಣ್ಣಮುಂದೆ ಬರುತ್ತಾರೆ. ‘ತಾಳಿದವನು ಬಾಳಿಯಾನು’ ಎಂದು ಮಗನಿಗೆ ಹೇಳಿ, ಅವನು ಮಲಗಿದ ಮೇಲೆ ಪರಿಚಿತರ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವರು ಅವರು. ಮಿಲಾನಿನಲ್ಲಾದರೇನು, ಮಂಡ್ಯದಲ್ಲಾದರೇನು, ತಂದೆಯ ಕರುಳು ಒಂದೇ.

ಮುಂದೆ ಐನ್‌ಸ್ಟೈನನು ಅಲ್ಲಿ ಇಲ್ಲಿ ತಾತ್ಕಾಲಿಕವಾಗಿ ಮೇಷ್ಟರ ಕೆಲಸ ಮಾಡಿದನು. ಸಹಪಾಠಿ ಗ್ರಾಸ್‌ಮನ್ ತನ್ನ ತಂದೆಯ ಮೂಲಕ ಬರ್ನ್ ನಗರದ ಪೇಟೆಂಟು ಕಚೇರಿಯ ಮುಖ್ಯಾಧಿಕಾರಿಗೆ ಇವನ ವಿಷಯ ಹೇಳಿಸಿದ್ದನು. 1901ರ ಡಿಸೆಂಬರಿನಲ್ಲಿ ಅಲ್ಲಿಯ ಹುದ್ದೆಗೆ ಪ್ರಕಟಣೆ ಬಂದೊಡನೆ ಅರ್ಜಿ ಹಾಕಿದನು. ಉತ್ತರ ಬರುವ ಮುನ್ನವೇ, 1902ರ ಫೆಬ್ರವರಿಯಲ್ಲಿ, ಬರ್ನಿಗೆ ಹೋಗಿ ಮನೆಪಾಠ ಹೇಳಿಕೊಂಡು ಕಾದನು. ಜೂನ್ 16ರಂದು ಮೂರನೆಯ ದರ್ಜೆಯ ತಾಂತ್ರಿಕ ಪರೀಕ್ಷಕನಾಗಿ ನೇಮಕವಾಯಿತು. ವರ್ಷಕ್ಕೆ 3500 ಫ್ರಾಂಕು ಸಂಬಳ. ಅರ್ಜಿಗೂ ನೇಮಕಕ್ಕೂ ನಡುವೆ ಆರು ತಿಂಗಳು. ಆ ವರ್ಷದ ಅಕ್ಟೋಬರಿನಲ್ಲಿ ತಂದೆ ತೀರಿಕೊಂಡನು. ಮಗನಿಗೆ ಕೆಲಸ ದೊರೆತದ್ದನ್ನು ಕಂಡನು. 1905ರಲ್ಲಿ ಅದೇ ಕಚೇರಿಯ ಗುಮಾಸ್ತನು ಭೌತವಿಜ್ಞಾನದ ಬುಡವನ್ನೇ ಅಲುಗಿಸಿದ್ದನ್ನು ಕಾಣಲಿಲ್ಲ. ಇನ್ನು ಆಸ್ಟ್‌ವಾಲ್ಡ್ ಅವರು? 1909ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1910ರಲ್ಲಿ ಆ ಪಾರಿತೋಷಕಕ್ಕೆ ಐನ್‌ಸ್ಟೈನನ ಹೆಸರನ್ನು ಮೊದಲ ಬಾರಿಗೆ ಸೂಚಿಸಿದವರು ಅವರೇ. ಒಂಬತ್ತು ವರ್ಷ ತಡವಾಗಿ ಬಂದ ಉತ್ತರವೆಂದು ಇದನ್ನು ಕರೆಯಬಹುದೋ ಏನೋ!

ಮೂರನೆಯವರು ಶ್ರೀನಿವಾಸ ರಾಮಾನುಜನ್. 1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದವರು. ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಕೈಬಿಟ್ಟದ್ದರಿಂದ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1909ರಲ್ಲಿ ಮದುವೆಯಾಯಿತು, ಕೆಲಸ ಹುಡುಕಲೇಬೇಕಾಯಿತು. 1910ರಲ್ಲಿ ತಿರುಕ್ಕೋಯಿಲೂರಿಗೆ ಹೋಗಿ, ಅಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು, ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತೆ ಕೆಲಸ ಕೊಡಿಸಿರೆಂದು ಕೇಳಿದರು. ಅಯ್ಯರ್ ಅವರು ಭಾರತೀಯ ಗಣಿತ ಸಂಘವನ್ನು 1907ರಲ್ಲಿ ಸ್ಥಾಪಿಸಿದವರು. ಟಿಪ್ಪಣಿ ಪುಸ್ತಕ ತಿರುವಿ ನೋಡಿ ಬೆರಗಾದರು. ಕೆಲಸ ಕೊಡಲಿಲ್ಲ, ರೆವಿನ್ಯೂ ಇಲಾಖೆಯ ತಳದ ಮೆಟ್ಟಿಲಲ್ಲಿ ಕೂರಿಸಿ ಇಂಥ ಪ್ರತಿಭೆಯ ಉಸಿರು ಕಟ್ಟಿಸಲಾರೆನೆಂದುಕೊಂಡು ಮದರಾಸಿನ ಮಿತ್ರರಿಗೆ ಪತ್ರ ಕೊಟ್ಟು ಕಳುಹಿಸಿದರು. ಇಲ್ಲವೆಂದು ಹೇಳುವುದರಲ್ಲಿಯೂ ಇಂಥದೊಂದು ಬಗೆಯುಂಟು!

ಅಲ್ಲಿಂದ ಮುಂದಕ್ಕೆ ಕೈಯಿಂದ ಕೈಗೆ ದಾಟಿ ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರರಾಯರ ಬಳಿಗೆ ಬಂದರು. ಆ ಭೇಟಿಯನ್ನು ರಾಯರೇ ಬಣ್ಣಿಸಿದ್ದಾರೆ: ಗಿಡ್ಡ ಆಳು, ಕ್ಷೌರವಿಲ್ಲದ ಮುಖ, ಕಂಕುಳಲ್ಲಿ ಹರಕು ಪುಸ್ತಕ, ಹೊಳೆಯುವ ಕಣ್ಣು. ಹೇಳಿದ್ದು ಅರ್ಥವಾಗಲಿಲ್ಲ, ಸತ್ವವೋ ಹುಚ್ಚೋ ತಿಳಿಯಲಿಲ್ಲ. ತೀರ್ಮಾನ ಹೇಳದೆ, ಮತ್ತೊಮ್ಮೆ ಬಾ ಎಂದರು. ರಾಮಾನುಜನ್ ಮತ್ತೊಮ್ಮೆ ಹೋದರು. ಆದರೆ ಈ ಸಲ ಹಳೆಯ ಮಾತನ್ನೇ ಹೊತ್ತುಕೊಂಡು ಹೋಗಲಿಲ್ಲ. ಕೇಳುವವರ ತಿಳಿವಳಿಕೆ ಎಷ್ಟೆಂದು ಅಳೆದುಕೊಂಡು, ಮೊದಲು ಸುಲಭವಾದ ಫಲಿತಾಂಶಗಳನ್ನು ತೋರಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕರೆದೊಯ್ದರು. ರಾಯರು ಒಲಿದರು. ನಿಮಗೇನು ಬೇಕೆಂದು ಕೇಳಿದಾಗ, ಸಂಶೋಧನೆ ನಡೆಸಲು ಹೊಟ್ಟೆಪಾಡಿಗೆ ಸಾಕಾಗುವಷ್ಟು ಎಂದರು. ರಾಯರು ತಿಂಗಳಿಗೆ 25 ರೂಪಾಯಿಯಂತೆ ಕೊಡುತ್ತ ಬಂದರು.

ಇನ್ನೊಬ್ಬರ ಔದಾರ್ಯದಲ್ಲಿ ಎಷ್ಟು ದಿನ? 1912ರ ಫೆಬ್ರವರಿ 9ರಂದು ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಅರ್ಜಿ ಬರೆದರು. ಮೆಟ್ರಿಕ್ಯುಲೇಷನ್ ಆಗಿದೆ, ಎಫ್.ಎ. ತನಕ ಓದಿದ್ದೇನೆ, ಪ್ರತಿಕೂಲ ಸಂದರ್ಭಗಳಿಂದ ಓದು ನಿಂತಿತು, ಗಣಿತಕ್ಕೇ ಕಾಲವನ್ನೆಲ್ಲ ಕೊಟ್ಟಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಬರೆದು, ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರವನ್ನು ಲಗತ್ತಿಸಿದರು. ಇಪ್ಪತ್ತೊಂದು ದಿನಕ್ಕೆ, ಮಾರ್ಚ್ 1ರಂದು, ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಫ್ಯಾರಡೆಯ ನೇಮಕವಾದದ್ದೂ ಮಾರ್ಚ್ 1ರಂದೇ, ತೊಂಬತ್ತೊಂಬತ್ತು ವರ್ಷ ಮೊದಲು.

ಆ ಮೇಜಿನಿಂದಲೇ ಅವರು ಕೇಂಬ್ರಿಡ್ಜಿನ ಪಂಡಿತರಿಗೆ ಬರೆದರು. ಬೇಕರ್, ಹಾಬ್ಸನ್ ಎಂಬ ಇಬ್ಬರಿಗೆ ಬರೆದದ್ದು ಫಲಿಸಲಿಲ್ಲ. 1913ರ ಜನವರಿ 16ರಂದು ಹಾರ್ಡಿ ಎಂಬ ಮೂರನೆಯವರಿಗೆ ಬರೆದು, ಸೂತ್ರಗಳ ಪುಟಗಳನ್ನೇ ಲಗತ್ತಿಸಿದರು. ಹಾರ್ಡಿ ಫೆಬ್ರವರಿ 8ರಂದು ಉತ್ತರ ಬರೆದು, ಸಾಧನೆಗಳನ್ನು ಕಾಣಬೇಕೆಂದರು. ಆಗ, ಫೆಬ್ರವರಿ 27ರಂದು, ರಾಮಾನುಜನ್ ಬರೆದ ಎರಡನೆಯ ಪತ್ರವನ್ನು ನಾನು ಉಮೇದುವಾರರಿಗೆಲ್ಲ ಮೇಲುಪಂಕ್ತಿಯೆನ್ನುತ್ತೇನೆ. ಅದರಲ್ಲಿ ಹೊಸ ಫಲಿತಾಂಶಗಳಿದ್ದುವು. ಜೊತೆಗೆ ತಾವು ಅರೆಹೊಟ್ಟೆಯಲ್ಲಿರುವವರು, ಮಿದುಳನ್ನು ಉಳಿಸಿಕೊಳ್ಳಲು ಅನ್ನ ಬೇಕು, ತಮ್ಮಿಂದ ಸಹಾನುಭೂತಿಯ ಒಂದು ಪತ್ರ ಬಂದರೆ ಇಲ್ಲಿ ವಿದ್ಯಾರ್ಥಿವೇತನ ಪಡೆಯಲು ನೆರವಾದೀತು ಎಂಬ ನೇರವಾದ ಕೋರಿಕೆಯೂ ಇದ್ದಿತು. ಸಂಕೋಚದ ಮುಸುಕಿಲ್ಲ, ಗೋಳೂ ಇಲ್ಲ. ಏನು ಬೇಕೋ ಅದನ್ನು, ಕೊಡುವವರ ಕೈಯಲ್ಲಿ ಆಗುವಷ್ಟನ್ನು ಮಾತ್ರ ಕೇಳಿದರು. ಅದೇ ವರ್ಷದ ಮೇ ತಿಂಗಳಿನಿಂದ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. 1914ರ ಮಾರ್ಚ್ 17ರಂದು ಅವರು ಇಂಗ್ಲೆಂಡಿನ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹುಡುಗನ ಅಪ್ಪನೂ ಸರಿ, ಅಮ್ಮನೂ ಸರಿ. ಮೂವರೂ ತಾಳಿದರು, ಮೂವರೂ ಕೇಳಿದರು. ಆದರೆ ಬರಿದೆ ಅಳಲಿಲ್ಲ. ಪ್ರತಿಯೊಂದು ಸಲವೂ ಏನನ್ನಾದರೂ ತಿಳಿಯಪಡಿಸಿದರು. ಒಬ್ಬನು ತನ್ನ ಕೈಕೆಲಸವನ್ನು ಕಳುಹಿಸಿದನು, ಒಬ್ಬನು ಬಿಟ್ಟುಹೋಗಿರಬಹುದಾದ ವಿಳಾಸವನ್ನು ತಿಳಿಸಿದನು, ಒಬ್ಬರು ಕೇಳುವವರಿಗೆ ಅರ್ಥವಾಗುವ ಹಾಗೆ ತಮ್ಮ ಸಂಗತಿಯನ್ನು ಮತ್ತೆ ಹೇಳಿದರು. ಸಂದರ್ಶನವಾದ ಮೇಲೆ ಬರೆಯುವ ಪತ್ರಕ್ಕೂ ಇದೇ ಧರ್ಮ. ಎಂದು ಬಂದಿದ್ದೆ, ಯಾವ ಹುದ್ದೆಗೆ, ಕಂಡು ಮಾತನಾಡಿದ್ದಕ್ಕೆ ಕೃತಜ್ಞತೆ, ಅಂದು ಕೇಳಿದ್ದಕ್ಕೆ ಸೇರಿಸತಕ್ಕದ್ದೇನಾದರೂ ಇದ್ದರೆ ಅದು, ಯಾವಾಗ ತಿಳಿಯಬಹುದೆಂಬ ಪ್ರಶ್ನೆ, ತನ್ನ ವಿಳಾಸ. ಒಂದು ಪುಟ ಮೀರಬೇಕಿಲ್ಲ. ಎಷ್ಟು ದಿನದಲ್ಲಿ ತಿಳಿಸುತ್ತೇವೆಂದು ಅವರು ಹೇಳಿದ್ದರೋ ಅಷ್ಟು ದಿನ ಕಳೆದ ಮೇಲೆಯೇ ಬರೆಯಬೇಕು. ಅದಕ್ಕೂ ಮಾತಿಲ್ಲದಿದ್ದರೆ ಮುಂದಿನ ಅರ್ಜಿಯನ್ನು ಬರೆಯಲು ಕುಳಿತುಕೊಳ್ಳಬೇಕು. ಫ್ಯಾರಡೆ ಕಾಯುವಾಗಲೂ ಸೂಜಿಯನ್ನು ಕೆಳಗಿಡಲಿಲ್ಲ.

ಇಷ್ಟು ಉಮೇದುವಾರನ ಧರ್ಮವಾಯಿತು. ಎದುರಿಗೆ ಕುಳಿತವರ ಧರ್ಮ? ಡೇವಿಯವರನ್ನು ನೋಡಿ: ಉತ್ತರ ಬರೆದರು, ದಿನ ಹೇಳಿದರು, ಹೇಳಿದಂತೆ ಕಂಡರು, ಇಲ್ಲವೆಂದು ಕಾರಣ ಸಹಿತ ಹೇಳಿದರು, ಜಾಗ ತೆರವಾದಾಗ ನೆನೆದು ಕರೆಕಳುಹಿಸಿದರು. ಇದರಲ್ಲಿ ಖರ್ಚಾದದ್ದು ಒಂದಿಷ್ಟು ಮಸಿ.

ಬೇರೆಯವರನ್ನು ದೂರುವುದಕ್ಕೆ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಕನ್ನಡ ಉಪಾಧ್ಯಾಯರನ್ನು ಆರಿಸುವ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದರು. ಒಂಬತ್ತು ಮಂದಿ ಬಂದಿದ್ದರು, ಒಬ್ಬರನ್ನು ಆರಿಸಿದೆವು. ಉಳಿದ ಎಂಟು ಮಂದಿಗೆ ‘ತಿಳಿಸುತ್ತೇವೆ’ ಎಂದವನು ನಾನೇ. ತಿಂಗಳ ಮೇಲೆ ಅವರಲ್ಲೊಬ್ಬರಿಂದ ನನ್ನ ಹೆಸರಿಗೆ ಒಂದು ಕಾರ್ಡು ಬಂದಿತು. ಅಕ್ಷರ ಮುತ್ತಿನಂತಿತ್ತು. ‘ಫಲಿತಾಂಶ ಏನೇ ಆಗಿರಲಿ, ದಯವಿಟ್ಟು ತಿಳಿಸಿದರೆ ಉಪಕಾರವಾಗುತ್ತದೆ’ ಎಂದಿಷ್ಟೇ. ನಾಳೆ ಬರೆಯೋಣವೆಂದು ಮೇಜಿನ ಖಾನೆಯಲ್ಲಿಟ್ಟೆ. ಇಲ್ಲವೆಂದು ಬರೆಯಲು ಮನಸ್ಸು ಹಿಂಜರಿಯಿತು. ದಿನ ಕಳೆದಂತೆ ಇಷ್ಟು ತಡವಾಗಿ ಬರೆಯುವುದು ಹೇಗೆಂದು ಇನ್ನಷ್ಟು ಹಿಂಜರಿಯಿತು. ಕೊನೆಗೆ ಬರೆಯಲೇ ಇಲ್ಲ. ಲೈಡನ್ನಿನ ಆ ಖಾಲಿ ಅರ್ಧ ಕಾರ್ಡಿನ ವಿಷಯವನ್ನು ಓದಿದ ದಿನ ಎದ್ದು ಹೋಗಿ ಖಾನೆ ತೆರೆದು ನೋಡಿದೆ. ಕಾರ್ಡು ಅಲ್ಲೇ ಇತ್ತು. ನನ್ನ ಮೌನದಿಂದ ಆ ತರುಣ ಎಷ್ಟು ದಿನ ಅಂಚೆಯವನ ದಾರಿ ಕಾದನೋ, ಬೇರೆ ಯಾವ ಕೆಲಸವನ್ನು ಕೈಬಿಟ್ಟನೋ ನಾನರಿಯೆ. ದೊಡ್ಡ ಪಂಡಿತರಿಗೆ ಬಿಡುವಿರಲಿಲ್ಲವೆನ್ನಬಹುದು. ನನಗೇನಾಗಿತ್ತು?

ಜಗುಲಿಯ ಹುಡುಗನಿಗೆ ನಾನು ಈ ಕಾರ್ಡನ್ನೂ ತೋರಿಸಿದೆ. ಮೌನವೆಂದರೆ ತಿರಸ್ಕಾರವೆಂದೇ ತಿಳಿಯಬೇಡ, ಎಷ್ಟೋ ಸಲ ಅದು ಎದುರಿಗಿರುವವನ ಸೋಮಾರಿತನ ಅಥವಾ ಹೇಡಿತನ ಎಂದೆ. ಇಬ್ಬರೂ ಕುಳಿತು ಆರು ವಾಕ್ಯದ ಒಂದು ಪತ್ರ ಬರೆದೆವು. ಹನ್ನೆರಡು ದಿನಗಳ ಮೇಲೆ ಹುಡುಗ ಉತ್ತರವನ್ನು ಹಿಡಿದುಕೊಂಡು ಬಂದ. ಜಾಗವನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ನಾನು ಸಮಾಧಾನದ ಮಾತು ಹುಡುಕುತ್ತಿರುವಷ್ಟರಲ್ಲಿ ಅವನೇ ಹೇಳಿದ: “ಇರಲಿ ಮೇಷ್ಟ್ರೇ. ಇಲ್ಲ ಅಂತಲಾದರೂ ಬರೆದಿದ್ದಾರಲ್ಲ. ಇವತ್ತಿನಿಂದ ಬೇರೆ ಕಡೆ ನೋಡಬಹುದು.”

ಅವನು ಹೋದ ಮೇಲೆ ಒಂದು ಕಾರ್ಡು ತೆಗೆದುಕೊಂಡು, ಖಾನೆಯಲ್ಲಿದ್ದ ಹಳೆಯ ವಿಳಾಸಕ್ಕೆ ಬರೆದು ಹಾಕಿದೆ. ಆ ಮನೆಯಲ್ಲಿ ಅವರು ಈಗ ಇದ್ದಾರೋ ಇಲ್ಲವೋ ತಿಳಿಯದು. ಉತ್ತರವನ್ನು ಕಾಯುವ ಸರದಿ ಈಗ ನನ್ನದು.